ಅಭಯನ ಗೀಟು

ಅಕಿವಾಟ, ತಾಲೂಕು ಶಿರೋಳ
ತಾ. ೧೭ ಮಾರ್ಚ್ ೧೯೬೩

ಚಿ. ಸೌ. ಶಾಲನಳಿಗೆ ನಿನ್ನ ಅಕ್ಕ ಚಂಪಾಬಾಯಿಯ ಆಶೀರ್ವಾದ.

ಇಲ್ಲಿ ನಾನು ಇದ್ದಂತೆಯೇ ಇದ್ದೇನೆ. ನೀವೆಲ್ಲ ಹೇಗಿದ್ದೀರಿ ಎಂದು ಒಂದು ಸಾಲು ಬರೆದರೆ ಓದಲು ಕನ್ನಡಕ ಒರೆಸಿ ಇಟ್ಟುಕೊಂಡಿದ್ದೇನೆ. ಇಚಲಕರಂಜಿಯ ನಿನ್ನ ಮನೆಯಿಂದ ಬಂದವಳು ಕೂಡಲೇ ಬರೆಯಬೇಕಿತ್ತು, ತಡವಾಯಿತು, ತಪ್ಪು ತಿಳಿಯಬೇಡ. ಜೋಳದ ರಾಶಿ ಕಣದಲ್ಲಿತ್ತು ಎಂದು ಸುಳ್ಳು ಹೇಳಬಹುದಿತ್ತು. ರಾಶಿ ಮನೆಗೆ ಬಂದು ಹಗೇವು ಸೇರಿ ಎಷ್ಟೋ ದಿನವಾಯಿತು. ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ, ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ನನಗೇ ತಿಳಿಯುವುದಿಲ್ಲ.

ಸಿಟ್ಟು ನಿನ್ನ ಮೇಲಲ್ಲ, ಆ ಗೀಟಿನ ಮೇಲೆ. ನಿನ್ನ ಮನೆಯ ತಲಬಾಗಿಲಿನ ಒಳಗೆ ನೀನು ಸೀಮೆಸುಣ್ಣದಿಂದ ಎಳೆದಿದ್ದೀಯಲ್ಲ, ಅದರ ಮೇಲೆ. ನಾನು ಬಂದಾಗ ಅಭಯ ಓಡಿ ಬರಲಿಲ್ಲ. ನಾಲ್ಕು ವರ್ಷದ ಮಗ, ದೊಡ್ಡವ್ವನ ಕೈಯಲ್ಲಿ ಪೇರಲ ಹಣ್ಣು ಕಂಡರೂ ಗೀಟಿನ ಆ ಕಡೆಗೇ ನಿಂತ. "ದೊಡ್ಡವ್ವಾ, ನೀನ ಒಳಗ ಬಾ. ಇದರ ಆಚಿಗಿಂದು ನಮ್ಮ ಹದ್ದ ಅಲ್ಲ" ಎಂದ. ದೊಡ್ಡ ಮನುಷ್ಯರ ಹಾಗೆ ಎಷ್ಟು ಗಂಭೀರವಾಗಿ ಹೇಳಿದನೆಂದರೆ ನನಗೆ ಮೊದಲು ನಗು ಬಂತು. ಆಮೇಲೆ ಅವನ ಕಾಲು ನೋಡಿದೆ.

ಮೂರು ಮಳೆಗಾಲದ ಹಿಂದೆ ನಮ್ಮ ಕುಸುಮಳನ್ನು ಹಳ್ಳ ಒಯ್ದ ಮೇಲೆ ನೀನು ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಮುಂದೆ ದೇಶವ್ರತ ತೆಗೆದುಕೊಂಡೆ. ಇಷ್ಟೇ ಮೇರೆಯೊಳಗೆ ಇರುತ್ತೇನೆ, ಮನೆಯ ಹೊಸ್ತಿಲು ದಾಟುವುದಿಲ್ಲ ಎಂಬ ನೇಮ. ನಾನು ಬೇಡವೆನ್ನಲಿಲ್ಲ. ದುಃಖ ಹರಿದು ಹೋಗದಂತೆ ಯಾರಿಗಾದರೂ ಒಂದು ಒಡ್ಡು ಬೇಕಾಗುತ್ತದೆ. ಆದರೆ ಮುನಿಗಳು ಕೊಟ್ಟದ್ದು ಆ ನಾಲ್ಕು ತಿಂಗಳಿಗೆ. ಅವಧಿ ಮುಗಿದ ಮೇಲೆ ಅವರು ಬರಿಗಾಲಲ್ಲಿ ಊರಿಂದ ಊರಿಗೆ ನಡೆದು ಹೋದರು. ನೀನು ಮಾತ್ರ ಇನ್ನೂ ಒಳಗೇ ಇದ್ದೀಯ, ಜೊತೆಗೆ ಕೂಸನ್ನೂ ಕೂಡಿಸಿಕೊಂಡಿದ್ದೀಯ. ವ್ರತ ಹಿಡಿದವಳು ನೀನು. ಆಗ ಇನ್ನೂ ಅಂಬೆಗಾಲಿಡುತ್ತಿದ್ದವನು ಏನನ್ನು ಹಿಡಿದಿದ್ದ?

ನಿನ್ನ ಗಂಡ ಕುಂಥುನಾಥರು ಅವನನ್ನು ಕೊಲ್ಹಾಪುರಕ್ಕೆ ಒಯ್ದು ತೋರಿಸಿದ್ದನ್ನು ನನಗೆ ಹೇಳಿದರು. ಬಿಸಿಲು ಕಾಣದ ಮಕ್ಕಳಿಗೆ ಬರುವ ಮುಡದೂಸು, ಎಲುಬು ಮೆತ್ತಗಾಗಿ ಬಾಗುತ್ತವೆ ಎಂದರಂತೆ ಡಾಕ್ಟರು. ಐದು ತುಂಬುವುದರೊಳಗೆ ದಾರಿಗೆ ಬರದಿದ್ದರೆ ಬಾಗಿದ್ದು ಬಾಗಿದಂತೆಯೇ ಗಟ್ಟಿಯಾಗುತ್ತದಂತೆ. ಮೀನಿನ ಎಣ್ಣೆ ಬರೆದುಕೊಟ್ಟರಂತೆ. ಇವರು ಕೈ ಮುಗಿದು, "ನಾವು ಜೈನ್ರು, ಅದು ನಮ್ಮ ಮನ್ಯಾಗ ಬರಾಂಗಿಲ್ರಿ" ಎಂದಾಗ ಆ ಡಾಕ್ಟರು ಚೀಟಿ ತಿರುಗಿ ತೆಗೆದುಕೊಂಡು ಮರಾಠಿಯಲ್ಲಿ, "ಮಗ ಉನ್ಹಾತ ಖೇಳೂ ದ್ಯಾ" ಎಂದರಂತೆ, ಹಾಗಾದರೆ ಬಿಸಿಲಿನಲ್ಲಿ ಆಡಲು ಬಿಡಿ ಎಂದು. ಮೀನಿನ ಎಣ್ಣೆ ನಮ್ಮ ಮನೆಗೆ ಬರುವಂತಿಲ್ಲ, ಸರಿ. ಬಿಸಿಲು ಏನು ಪಾಪ ಮಾಡಿದೆ?

ನೀನು ಹೆತ್ತ ಕುಸುಮಳನ್ನು ಮೂರು ವರ್ಷದವಳಿದ್ದಾಗ ನೀನೇ ತಂದು ನನ್ನ ಉಡಿಯಲ್ಲಿ ಹಾಕಿದೆ. ಕೆಳಗೆ ಮಗ್ಗ, ಮನೆಯೆಲ್ಲ ಹತ್ತಿಯ ಧೂಳು, ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತಿತ್ತು. ಗಂಡ ಸತ್ತು ಮಕ್ಕಳಿಲ್ಲದೆ ಕೂತಿದ್ದ ನನ್ನ ತೋಟದ ಮನೆಗೆ ಬಂದು ಆರು ವರ್ಷ ಬೆಳೆದಳು. ಕೆಮ್ಮು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಹಸಿ ಕಡಲೆ ಸುಟ್ಟು ತಿಂದು ಮೋರೆ ಮಸಿ ಮಾಡಿಕೊಂಡು ಬರುತ್ತಿದ್ದಳು. ಗೀಜಗ ಯಾವ ಜಾಲಿಗೆ ಗೂಡು ಕಟ್ಟುತ್ತದೆ ಎಂದು ನನಗೆ ತೋರಿಸುತ್ತಿದ್ದಳು. "ಕರ್ರಗಾಗ್ಯಾಳ, ನಾಳಿಗಿ ಯಾರ ಮಾಡ್ಕೋತಾರ ಇಕಿನ್ನ" ಎಂದು ನೀನು ಬಂದಾಗಲೊಮ್ಮೆ ಗೊಣಗುತ್ತಿದ್ದೆ, ಅವಳ ತೊಡೆ ಗಿಲ್ಲಿ ನೋಡಿ ಒಳಗೊಳಗೇ ಹಿಗ್ಗುತ್ತಿದ್ದೆ. ಹೊತ್ತು ಮುಳುಗುವ ಮೊದಲು ಉಣ್ಣುವ ನಮ್ಮ ನಿಯಮವನ್ನು ಅವಳು ಒಂದು ದಿನವೂ ತಪ್ಪಿಸಲಿಲ್ಲ. ನಮ್ಮ ಅವ್ವ ನಮಗೆ ಕಲಿಸಿದ್ದನ್ನೇ ನಾವಿಬ್ಬರೂ ಅವಳಿಗೆ ಕಲಿಸಿದ್ದೆವು. ಅಂಗೈ ಬಿಚ್ಚಿ ನೋಡಬೇಕು, ಗೆರೆ ಕಾಣುವವರೆಗೆ ಹೊತ್ತಿದೆ, ಕಾಣದಾದರೆ ತಾಟು ಮುಚ್ಚಿತು.

ಅವಳು ಹೋದ ದಿನ ಬಂದವಳು ನೀನು ಒಂದೇ ಮಾತು ಆಡಿದೆ. "ಅಕ್ಕಾ, ನೀ ಆಕಿನ್ನ ಹೊರಗ ಬಿಟ್ಟಿ" ಎಂದೆ. ಅದಕ್ಕೆ ನಾನು ಅಂದೂ ಉತ್ತರ ಕೊಡಲಿಲ್ಲ, ಇಂದೂ ಕೊಡುವುದಿಲ್ಲ. ಕೇಳುವುದು ಇಷ್ಟೇ. ನಿನ್ನ ನೇಮ ನಿನ್ನ ಹತ್ತಿರ ಇರಲಿ, ನೀನು ಹೊಸ್ತಿಲು ದಾಟಬೇಡ. ಅಭಯನನ್ನು ಗಂಡನ ಕೈಯಲ್ಲಿ ಕಳಿಸು. ಹಳ್ಳ ಈಗ ಬತ್ತಿ ಮರಳಾಗಿದೆ, ಕೋಳಿಮರಿಯ ಕಾಲೂ ತೊಯ್ಯುವುದಿಲ್ಲ. ಮಳೆ ಹಿಡಿದ ಕೂಡಲೇ ತಿರುಗಿ ಕಳಿಸುತ್ತೇನೆ, ಇದು ನನ್ನ ಮಾತು. ಚಿಕ್ಕವಳಿದ್ದಾಗ ಪೇರಲ ಗಿಡದಿಂದ ಇಳಿಯಲು ಹೆದರಿ ಅಳುತ್ತಿದ್ದವಳನ್ನು ಹೆಗಲ ಮೇಲೆ ಇಳಿಸಿಕೊಂಡವಳು ನಾನು. ಅಷ್ಟು ಋಣವಾದರೂ ನೆನಪಿಡು.

ನಿನ್ನ ಅಕ್ಕ,
ಚಂಪಾ


ಅಕಿವಾಟ
ತಾ. ೨೮ ಜೂನ್ ೧೯೬೩

ಚಿ. ಸೌ. ಶಾಲನಳಿಗೆ ಅಕ್ಕನ ಮನಸಾರೆ ಹರಕೆ.

ಈ ಮೂರು ತಿಂಗಳು ಒಂದು ಸಾಲು ಬರೆಯಲಿಲ್ಲ, ಮನ್ನಿಸು. ಕೂಸು ಬಂದ ಮೇಲೆ ಕೈ ಬಿಡುವಾಗಲಿಲ್ಲ. ಬಿಡುವಾದಾಗಲೂ ಬರೆದರೆ ನಿನಗೆ ನೆನಪಾಗಿ ಕರೆಸಿಕೊಂಡೀಯೆಂದು ಹೆದರಿ ಸುಮ್ಮನಿದ್ದೆ. ಈಗ ಹೆದರಲು ಏನೂ ಉಳಿದಿಲ್ಲ. ಕುಂಥುನಾಥರು ಬೆಳಿಗ್ಗೆ ಪೂರಾ ತೊಯ್ಸಿಕೊಂಡು ಬಂದರು. "ಅಕ್ಕಾರ, ಆಕಿ ನಿನ್ನಿಯಿಂದ ಊಟಾ ಬಿಟ್ಟಾಳ್ರಿ. ಹೊಳಿ ಏರಾಕತ್ತೇತಿ ಅಂತ ಯಾರೋ ಅಂದ್ರು, ಅಷ್ಟ ಸಾಕಾತು. ನಾ ಏನ್ ಮಾಡ್ಲಿ ಹೇಳ್ರಿ" ಎಂದು ಕಟ್ಟೆಯ ಮೇಲೆ ಕೂತು ಮುಖ ಒರೆಸಿಕೊಂಡರು. ಒರೆಸಿಕೊಂಡದ್ದೆಲ್ಲ ಮಳೆಯ ನೀರಲ್ಲ. ನಾನು ಮಾತು ಕೊಟ್ಟವಳು, ಏನು ಹೇಳಲಿ? ನಾಳೆ ಬೆಳಗಿನ ಮೋಟಾರಿಗೆ ಅಭಯ ನಿನ್ನ ಹತ್ತಿರ ಬರುತ್ತಾನೆ. ಉಣ್ಣು.

ಅವನು ಇಲ್ಲಿ ಹೇಗಿದ್ದ ಎಂದು ನಿನಗೆ ತಿಳಿಯಬೇಕು. ಬಂದ ದಿನ ಮೆಟ್ಟಿಲ ಮೇಲೆ ಕೂತವನು ಇಳಿಯಲಿಲ್ಲ. ಮೇಲೆ ನೋಡಿದ, ಸುತ್ತ ನೋಡಿದ, ಗೋಡೆ ಕಾಣದೆ ನನ್ನ ಸೀರೆ ಹಿಡಿದುಕೊಂಡ.

"ದೊಡ್ಡವ್ವಾ, ಇಲ್ಲಿ ಗೀಟ ಎಲ್ಲೈತಿ?"

"ಇಲ್ಲಿ ಗೀಟಿಲ್ಲಪಾ."

"ಹಂಗಾರ ನಾ ಎಲ್ಲಿತನಾ ಹೋಗ್ಲಿ?" ಎಂದು ಅಳತೊಡಗಿದ.

ನಮ್ಮ ಆಳು ಬಸಗೊಂಡ ಇದನ್ನೆಲ್ಲ ನೋಡುತ್ತಿದ್ದ. ಬಾರಕೋಲಿನಿಂದ ಮೆಟ್ಟಿಲ ಮುಂದೆ ಮಣ್ಣಿನಲ್ಲಿ ಒಂದು ಗೀಟು ಎಳೆದ. ಕೂಸು ಅಳು ನಿಲ್ಲಿಸಿತು. ಇಳಿದು ಅದರೊಳಗೆ ಕೂತಿತು. ಶಾಲೂ, ಬಸಗೊಂಡನನ್ನು ಬಯ್ಯಲೋ, ಗೀಟು ಅಳಿಸಲೋ ಎಂದು ನಿಂತೆ. ಅವನು, "ಇರ್ಲಿ ಬಿಡ್ರಿ ಅಕ್ಕಾರ, ನಾಳಿಗಿ ಇನ್ನೊಂದೀಟ ಆಚಿಗೆ ಎಳೆಯೂಣು" ಎಂದ.

ಹಾಗೇ ಮಾಡಿದೆವು. ಅವನು ಏಳುವ ಮೊದಲು ಹಳೆಯ ಗೀಟು ಕಾಲಿನಿಂದ ಅಳಿಸಿ ಸ್ವಲ್ಪ ದೂರ ಹೊಸದನ್ನು ಎಳೆಯುವುದು. ಮೊದಲು ಬೇವಿನ ಗಿಡ ಒಳಗೆ ಬಂತು, ಆಮೇಲೆ ದನದ ಕೊಟ್ಟಿಗೆ, ಬಣವೆ, ಮಾವಿನ ನೆರಳು. ಅವನಿಗೆ ಗೊತ್ತಾಗುತ್ತಿತ್ತು ಎಂದು ನನ್ನ ಗುಮಾನಿ. ಕಳ್ಳ, ಗೊತ್ತಿಲ್ಲದವರ ಹಾಗೆ ಇರುತ್ತಿದ್ದ. ಬಿಸಿಲಿನಲ್ಲಿ ಎಣ್ಣೆ ಹಚ್ಚಿ ಮಲಗಿಸಿದರೆ ಕರುವಿನ ಕಿವಿ ಹಿಡಿದುಕೊಂಡು ಮಲಗುತ್ತಿದ್ದ. ಮಣ್ಣೆತ್ತಿನ ಅಮಾವಾಸ್ಯೆಗೆ ಕರಿಮಣ್ಣು ಕಲಸಿಕೊಟ್ಟೆ, ಒಂದು ಜೊತೆ ಎತ್ತು ಮಾಡಿದ. ಅವುಗಳ ಕಾಲು ಸೊಟ್ಟ. "ಹಿಂಗ್ಯಾಕ ಮಾಡೀಯೋ?" ಎಂದರೆ ತನ್ನ ಕಾಲು ನೋಡಿಕೊಂಡು, "ಕಾಲ ಹಿಂಗ ಇರ್ತಾವಲ್ಲ" ಎಂದ. ಬಲಗಾಲು ಈಗ ಎಷ್ಟೋ ನೆಟ್ಟಗಾಗಿದೆ. ಎಡಗಾಲಿಗೆ ಇನ್ನೊಂದು ಬೇಸಿಗೆ ಬೇಕು, ಆದರೆ ಬರುವ ಬೇಸಿಗೆಗೆ ಅವನಿಗೆ ಐದು ತುಂಬಿರುತ್ತದೆ.

ಮೃಗಶಿರಾ ಮಳೆ ಮೊದಲ ಸಲ ಬಿದ್ದ ಮರುದಿನ ಬೆಳಿಗ್ಗೆ ನೋಡಿದರೆ ಅಂಗಳವೆಲ್ಲ ಒರೆಸಿಟ್ಟ ಹಾಗಿತ್ತು. ಗೀಟು ಒಂದೂ ಉಳಿದಿರಲಿಲ್ಲ. ಅಭಯ ಬಾಗಿಲಲ್ಲಿ ನಿಂತು ಹುಡುಕಿದ. ನಾನು ಒಲೆಯ ಮುಂದಿನಿಂದ ನೋಡುತ್ತಿದ್ದೆ. ತಾನೇ ಇಳಿದ. ಕೆಸರಿನಲ್ಲಿ ಕಾಲೆಳೆಯುತ್ತ, ಏನನ್ನೂ ಹಿಡಿಯದೆ ಬೇವಿನ ಗಿಡದವರೆಗೆ ಹೋದ, ಅದನ್ನು ದಾಟಿ ಬಣವೆಯವರೆಗೆ ಹೋದ, ಅಲ್ಲಿ ನಿಂತು ತಿರುಗಿ ನನ್ನ ಕಡೆ ನೋಡಿ ನಕ್ಕ. ನೀನು ಅದನ್ನು ನೋಡಬೇಕಿತ್ತು. ನೀನು ನೋಡಲಿಲ್ಲವಲ್ಲ ಎಂದು ನಾನು ಅಲ್ಲೇ ಕೂತು ಅತ್ತೆ.

ಅದೇ ಮಳೆಯ ನೆಪದಿಂದ ಈಗ ಅವನು ಹೊರಡುತ್ತಿದ್ದಾನೆ. ಅಪ್ಪನನ್ನು ಕಂಡವನಿಗೆ ಎಲ್ಲ ತಿಳಿಯಿತು, ಹಟ ಮಾಡಲಿಲ್ಲ. "ದೊಡ್ಡವ್ವಾ, ಅಲ್ಲಿ ಮನಿಯೊಳಗ ಮಳಿ ಬರೂದಿಲ್ಲಲ್ಲ" ಎಂದ. ಅಷ್ಟು ಹೇಳಿ ಎತ್ತುಗಳನ್ನು ಚಿಂದಿಯಲ್ಲಿ ಸುತ್ತಿಟ್ಟುಕೊಂಡ.

ಇನ್ನೊಂದು ಮಾತು. ಹೋದ ವಾರ ನಡುಮಧ್ಯಾಹ್ನ ಪಡುವಣದಿಂದ ಮೋಡ ಕವಿಯಿತು. ಬಣವೆಯ ಹತ್ತಿರ ಆಡುತ್ತಿದ್ದವನು ಅಂಗೈ ಬಿಚ್ಚಿ ಕಣ್ಣ ಹತ್ತಿರ ಹಿಡಿದು ನೋಡಿದ, ಚೀರಿ ಮನೆಯ ಕಡೆಗೆ ಓಡಿದ. ಆ ಕಾಲಿನಲ್ಲಿ. ಎರಡು ಸಲ ಬಿದ್ದ. ಬಂದು, "ಹೊತ್ತ ಮುಳಗಾಕತ್ತೇತಿ, ತಾಟ ಹಾಕು" ಎಂದು ನಡುಗುತ್ತಿದ್ದ. ನೀನು ಅವನಿಗೂ ಕಲಿಸಿದ್ದೀಯ ಎಂದು ನನಗೆ ಆಗ ಗೊತ್ತಾಯಿತು. ಎತ್ತಿಕೊಂಡು ಅಂಗಳಕ್ಕೆ ಬಂದೆ. "ಕೈ ಅಷ್ಟ ನೋಡಬಾರದಪಾ, ಮ್ಯಾಲೂ ನೋಡಬೇಕು. ಇದು ಮೋಡ. ಸರೀತೈತಿ, ನಿಂತ ನೋಡು" ಎಂದೆ. ಮೋಡ ಸರಿಯುವವರೆಗೂ ಹಾಗೇ ಎತ್ತಿಕೊಂಡು ನಿಂತಿದ್ದೆ, ಕೈ ಸೋತರೂ ಇಳಿಸಲಿಲ್ಲ.

ಉತ್ತರ ಕೊಡುವುದಿಲ್ಲ ಎಂದಿದ್ದೆ, ಅವನ ಸಲುವಾಗಿ ಕೊಡುತ್ತೇನೆ. ಕುಸುಮಳ ಜೊತೆ ಅಂದು ಪಕ್ಕದ ತೋಟದ ಬಾಳಕ್ಕನ ಮಕ್ಕಳಿದ್ದರು, ಹಳ್ಳದ ಆಚೆ ದನ ಮೇಯಿಸುತ್ತಿದ್ದರು. ನಮ್ಮಲ್ಲಿ ಒಂದು ಹನಿ ಬಿದ್ದಿರಲಿಲ್ಲ, ಮೇಲಿನ ಕಡೆ ಸುರಿದಿತ್ತು. ಮೋಡ ಕವಿದಾಗ ಅವರು ಹುಣಸೆಯ ಕೆಳಗೆ ಕೂತರು. ದೀಪ ಹಚ್ಚಿಕೊಂಡು ಉಣ್ಣುವ ಮನೆಯವರು, ಅವರಿಗೇನು ಅವಸರ? ಇವಳು ಅಂಗೈ ನೋಡಿಕೊಂಡು, "ಗೆರಿ ಕಾಣವಲ್ವು, ನಾ ಉಪಾಸ ಬೀಳ್ತೇನಿ" ಎಂದು ಎದ್ದಳಂತೆ. ಕಲ್ಲಿನ ಸೇತುವೆ ಬಳಸಿ ಬಂದರೆ ತಡವಾಗುತ್ತದೆ. ನೀರು ಕೆಂಪಾಗಿದೆ ಎಂದು ಅವರು ಕೂಗಿದರಂತೆ. ದಿನಾ ದಾಟುವ ಜಾಗ ಎಂದು ಇಳಿದಳು. ಶಾಲೂ, ನಮ್ಮ ಕೂಸು ಹೊರಗೆ ಹೋಗುವಾಗ ಸಾಯಲಿಲ್ಲ. ಒಳಗೆ ಬರುವಾಗ ಸತ್ತಿತು.

ಅದಕ್ಕೇ ಕೇಳುತ್ತೇನೆ. ನಿನ್ನ ಮಾಳಿಗೆ ನಿನ್ನ ಹೊಸ್ತಿಲ ಒಳಗೇ ಇದೆ, ಅದಕ್ಕೆ ವ್ರತ ಅಡ್ಡ ಬರುವುದಿಲ್ಲ. ದಿನಾ ಅವನನ್ನು ಮೇಲೆ ಒಯ್ದು ಬಿಸಿಲಿಗೆ ಬಿಡು, ನೀನೂ ಕೂತಿರು. ಅದೂ ಆಗದಿದ್ದರೆ ಕಿಟಕಿಯಿಂದಲಾದರೂ ಮೋಡ ತೋರಿಸು. ಮೋಡ ಬೇರೆ, ರಾತ್ರಿ ಬೇರೆ ಎಂದು ಹೇಳಿಕೊಡು.

ನೀವು ಮೂವರೂ ನೂರು ಕಾಲ ಬಾಳಿ. ಅವನ ಕಾಲಿಗೆ ಬಲ ಬರಲಿ, ನಿನ್ನ ಮನಸ್ಸಿಗೂ ಬರಲಿ.

ನಿನ್ನ ಅಕ್ಕ,
ಚಂಪಾ

ತಾ. ಕ. — ಗೀಟನ್ನು ಎಲ್ಲ ಕಡೆ ಆಚೆ ಸರಿಸಿದೆವು, ಹಳ್ಳದ ಕಡೆ ಮಾತ್ರ ಸರಿಸಲಿಲ್ಲ. "ಆ ಕಡೆ ಗೀಟ ಯಾಕ ಸರದಿಲ್ಲ ದೊಡ್ಡವ್ವಾ?" ಎಂದು ಅಭಯ ಕೇಳಿದ, ನಾನು ಅವನನ್ನು ಕರುವಿನ ಹತ್ತಿರ ಕರೆದುಕೊಂಡು ಹೋದೆ. ನಿನಗೆ ಹೇಳುತ್ತೇನೆ. ನೀನು ಅಂದು ಬಂದು ಮುಟ್ಟುವಾಗ ಕತ್ತಲಾಗಿತ್ತು, ಎಲ್ಲ ಕತ್ತಲಲ್ಲೇ ನಡೆಯಿತೆಂದು ತಿಳಿದಿದ್ದೀಯ. ಬಸಗೊಂಡ ಅವಳನ್ನು ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿ ಮಲಗಿಸಿದಾಗ ಮೋಡ ಸರಿದು ಹೋಗಿತ್ತು. ಬಿಸಿಲು ಬೇವಿನ ಬುಡದವರೆಗೂ ಬಿದ್ದಿತ್ತು. ಒಳಗೆ ಅವಳ ತಾಟು ಬಡಿಸಿ ಮುಚ್ಚಿಟ್ಟಿದ್ದೆ, ರೊಟ್ಟಿ ಇನ್ನೂ ಆರಿರಲಿಲ್ಲ, ಉಣ್ಣಲು ಬೇಕಾದಷ್ಟು ಹೊತ್ತಿತ್ತು. ಮುಷ್ಟಿ ಬಿಗಿ ಹಿಡಿದಿದ್ದಳು. ಬಿಡಿಸಿ ಅಂಗೈ ನೋಡಿದೆ. ಒಂದೊಂದು ಗೆರೆಯೂ ಕಾಣುತ್ತಿತ್ತು.