ಬಹುಮಾನ ಬಂದ ಬಡಾವಣೆಯಲ್ಲಿ ಕೂರಲು ಜಾಗವಿಲ್ಲ

ಮಾನ್ಯ ವಲಯ ಅಧಿಕಾರಿಗಳೇ,

ನಮ್ಮ ಗಿರಿಜಾ ಬಡಾವಣೆಗೆ ಈ ವರ್ಷದ ‘ಅತ್ಯುತ್ತಮ ಹಸಿರು ಬಡಾವಣೆ’ ಪ್ರಶಸ್ತಿ ಬಂದಿದೆ. ಸುದ್ದಿ ಕಳೆದ ಶುಕ್ರವಾರದ ಪತ್ರಿಕೆಯ ನಾಲ್ಕನೇ ಪುಟದಲ್ಲಿದೆ. ನಿಮ್ಮ ಕಚೇರಿಯ ಪ್ರಕಟಣೆಯನ್ನು ಆಧರಿಸಿದ್ದು ಎಂದು ಬರೆದಿದೆ. ಜೊತೆಗೊಂದು ಚಿತ್ರ. ಬೇವಿನ ಮರ, ಅದರ ಸುತ್ತ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಬನ್ನಿ ಎಲೆ ಹಿಡಿದು ನಗುತ್ತಿರುವ ಒಬ್ಬ ಹೆಂಗಸು. ‘ಹಸಿರಿನ ನಡುವೆ ನೆಮ್ಮದಿಯ ಬದುಕು’ ಎಂದು ಚಿತ್ರದ ಅಡಿಯಲ್ಲಿ ಅಚ್ಚಾಗಿದೆ. ಆ ಹೆಂಗಸು ನನ್ನ ಹೆಂಡತಿ ರಾಜೇಶ್ವರಿ. ಆ ಕಟ್ಟೆಯನ್ನು ಬರುವ ಸೋಮವಾರ ನಿಮ್ಮ ಗುತ್ತಿಗೆದಾರರ ಜೆಸಿಬಿ ಒಡೆಯಲಿದೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರ.

ನಾನು ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ಕಾಳಿನ ದಲಾಲಿ ಅಂಗಡಿ ಇಟ್ಟುಕೊಂಡವನು. ಹುಟ್ಟಿ ಬೆಳೆದದ್ದು ಕಮರಿಪೇಟೆಯಲ್ಲಿ. ಅಲ್ಲಿ ನಮ್ಮ ಓಣಿಯಲ್ಲಿ ಮರವೆಂಬುದು ಒಂದೂ ಇರಲಿಲ್ಲ, ಆದರೆ ಪ್ರತಿ ಬಾಗಿಲಿಗೂ ಒಂದು ಕಟ್ಟೆ ಇತ್ತು. ಈ ಬಡಾವಣೆಗೆ ಬಂದ ದಿನ ನನ್ನ ತಾಯಿ ಶಿವಬಸವ್ವ ಹೊಸ ಮನೆಯ ಗೇಟು, ಕಾಂಪೌಂಡು ಎಲ್ಲ ನೋಡಿ, "ಮನಿ ಛಲೋ ಐತಿ. ಆದ್ರ ಬಂದ ಮಂದಿ ಎಲ್ಲಿ ಕುಂಡ್ರಬೇಕೋ ತಮ್ಮಾ?" ಎಂದು ಕೇಳಿದ್ದಳು. ಸೋಫಾ ತೋರಿಸಿದೆ. "ಇದು ಕರದ ಮಂದಿಗಾತು. ಕರೀದ ಬಂದವರಿಗೆ?" ಅಂದಳು.

ಅದಕ್ಕೆ ಉತ್ತರವನ್ನು ಬಡಾವಣೆಯ ಮೊದಲ ಮನೆಗಳವರು ಆಗಲೇ ಕಂಡುಕೊಂಡಿದ್ದರು. ಇಲ್ಲಿ ಒಂದು ರೂಢಿ ಇತ್ತು. ಮನೆ ಕಟ್ಟಿದ ಮೇಲೆ ಉಳಿದ ಕಲ್ಲು, ಸಿಮೆಂಟು, ಟೈಲ್ಸನ್ನು ಮಾರುವಂತಿರಲಿಲ್ಲ. ಅದು ಬೀದಿಯ ಮರದ ಪಾಲು. ಗೃಹಪ್ರವೇಶದ ಮಾರನೆಯ ದಿನ ಅದೇ ಗೌಂಡಿ ಬಂದು ಹತ್ತಿರದ ಮರಕ್ಕೊಂದು ಕಟ್ಟೆ ಕಟ್ಟಿ ಹೋಗುತ್ತಿದ್ದ. ಹೀಗೆ ಹದಿನೇಳು ಕಟ್ಟೆಗಳಾದವು. ಹೊಂಗೆ ಮರದ ಕಟ್ಟೆಗೆ ಯಾರದೋ ಬಚ್ಚಲುಮನೆಯ ನೀಲಿ ಟೈಲ್ಸು. ಬಾದಾಮಿ ಮರದ್ದಕ್ಕೆ ಅಡುಗೆಮನೆಯಲ್ಲಿ ಉಳಿದ ಕಡಪಾ ಕಲ್ಲು. ನೋಡಲು ಒಂದಕ್ಕೊಂದು ಹೊಂದಿಕೆ ಇರಲಿಲ್ಲ. ಕೂರುವವರಿಗೆ ಅದರಿಂದ ತೊಂದರೆಯೂ ಇರಲಿಲ್ಲ.

ಫೆಬ್ರವರಿಯಲ್ಲಿ ನೀವು ಹಸಿರು ಬಡಾವಣೆ ಸ್ಪರ್ಧೆ ಪ್ರಕಟಿಸಿದಿರಿ. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರಾದ ಶಿವಯೋಗೀಶ ಅವರು ಉತ್ಸಾಹದಿಂದ ಅರ್ಜಿ ಹಾಕಿದರು. ಮರಗಳ ಸಂಖ್ಯೆಗೆ ಇಷ್ಟು ಅಂಕ, ಸ್ವಚ್ಛತೆಗೆ ಇಷ್ಟು, ಮರಕ್ಕೆ ಕಬ್ಬಿಣದ ಜಾಳಿಗೆ ಇದ್ದರೆ ಇಷ್ಟು, ಅತಿಕ್ರಮಣವಿಲ್ಲದ ಪಾದಚಾರಿ ಮಾರ್ಗಕ್ಕೆ ಇಷ್ಟು ಎಂದು ನಿಮ್ಮ ಪ್ರಕಟಣೆ ಹೇಳಿತ್ತು. ಬಡಾವಣೆಯಲ್ಲಿ ಮನುಷ್ಯರಿದ್ದರೆ ಎಷ್ಟು ಅಂಕ ಎಂದು ಹೇಳಿರಲಿಲ್ಲ. ತಪಾಸಣೆಗೆ ಬಂದವರು ಮರಗಳನ್ನು ಎಣಿಸಿದರು, ಸಂತೋಷಪಟ್ಟರು, ಕಟ್ಟೆಗಳನ್ನು ಕಂಡು ‘ಅನಧಿಕೃತ ನಿರ್ಮಾಣ’ ಎಂದು ಬರೆದುಕೊಂಡರು. ಪ್ರಶಸ್ತಿ ಕೊಡಬಹುದು, ಆದರೆ ಅದಕ್ಕೆ ಮೊದಲು ಕಟ್ಟೆಗಳು ಹೋಗಬೇಕು ಎಂದು ಶರಾ ಬರೆದರಂತೆ. ಹೆಣ್ಣು ಒಪ್ಪಿಗೆಯಾಗಿದೆ, ನಾಲಿಗೆ ಮಾತ್ರ ಕತ್ತರಿಸಿ ಕಳಿಸಿ ಎಂದ ಹಾಗಾಯಿತು.

ಜೆಸಿಬಿ ಬಂದ ದಿನ ನಾನು ಅಂಗಡಿಗೆ ಹೊರಟವನು ಅಲ್ಲೇ ನಿಂತೆ. ಗುತ್ತಿಗೆದಾರರ ಕಡೆಯ ಮೇಲ್ವಿಚಾರಕ ಏಕನಾಥ ಹೊಂಗೆ ಮರದ ಕೆಳಗಿದ್ದರು. ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

"ಏನ್ ಮಾಡಾಕತ್ತೀರಪಾ?"

"ಅತಿಕ್ರಮಣ ತಗ್ಯಾಕತ್ತೇವ್ರಿ ಕಾಕಾ."

"ಯಾರದು ಅತಿಕ್ರಮಣ?"

"ಕಟ್ಟೀದುರಿ."

"ಯಾರ ಜಾಗಾ ಹಿಡದೈತಿ ಕಟ್ಟಿ?"

ಏಕನಾಥ ಮರದತ್ತ ನೋಡಿದರು. "ಗಿಡದ ಜಾಗಾರಿ," ಅಂದರು. "ಆದ್ರ ಚಿಂತಿ ಮಾಡಬ್ಯಾಡ್ರಿ. ಗಿಡಾ ಒಂದೂ ಮುಟ್ಟೂದಿಲ್ಲ."

ನೀಲಿ ಟೈಲ್ಸು ಪುಡಿಯಾದ ಮೇಲೆ ಅವರಿಗೆ ಚಹಾ ಬಂತು. ಲೋಟ ಹಿಡಿದು ಆ ಕಡೆ ಈ ಕಡೆ ನೋಡಿದರು. ಕೂರಲು ಏನೂ ಉಳಿದಿರಲಿಲ್ಲ. ನಿಂತೇ ಕುಡಿದರು.

ನಿಮ್ಮ ಪರವಾಗಿ ಹೇಳಬೇಕಾದ ಮಾತೊಂದಿದೆ, ಹೇಳುತ್ತೇನೆ. ಸಿಮೆಂಟಿನ ಕಟ್ಟೆ ಮರದ ಬುಡವನ್ನು ಬಿಗಿಯುತ್ತದೆ, ಬೇರಿಗೆ ನೀರು ಇಳಿಯಗೊಡುವುದಿಲ್ಲ ಎಂದು ನಿಮ್ಮ ಸಿಬ್ಬಂದಿ ವಾದಿಸಿದರು. ಅದು ಸುಳ್ಳಲ್ಲ. ಎರಡು ಮೂರು ಕಟ್ಟೆಗಳು ಹಾಗೇ ಇದ್ದವು, ಅವನ್ನು ಸಡಿಲಿಸಬೇಕಿತ್ತು. ಆದರೆ ಕಟ್ಟೆ ಕಿತ್ತ ಜಾಗದಲ್ಲಿ ನೀವು ಮಾಡಿದ್ದೇನು? ಕಾಂಡದ ಸುತ್ತ ಒಂದು ಗೇಣು ಬಿಟ್ಟು ಕಾಂಕ್ರೀಟು ಸುರಿದು, ಪೇವರ್ಸ್ ಹಾಸಿ, ಆಳೆತ್ತರದ ಜಾಳಿಗೆ ನಿಲ್ಲಿಸಿದಿರಿ. ಬೇರಿನ ಮೇಲೆ ಇಷ್ಟು ಕನಿಕರವಿದ್ದವರಿಗೆ ಆ ಕಾಂಕ್ರೀಟು ಕಾಣಲಿಲ್ಲವೇ? ಅಥವಾ ಮೇಲೆ ಜನ ಕೂತರೆ ಮಾತ್ರ ಬೇರಿಗೆ ಉಸಿರು ಕಟ್ಟುತ್ತದೆಯೇ?

ಈಗ ಚಿತ್ರದಲ್ಲಿರುವ ಹೆಂಗಸಿನ ವಿಷಯ.

ಹಿಂದಿನ ವರ್ಷ ಮಳೆಗಾಲಕ್ಕೆ ಮೊದಲು ರಾಜೇಶ್ವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಬೇಗ ಮರಳಿತು, ಎಡಗಾಲು ಮರಳಲಿಲ್ಲ. "ದಿನಾ ನಡೀರಿ. ದಣಿವಾದ್ರ ಕುಂಡ್ರಿ. ಮತ್ತ ನಡೀರಿ," ಎಂದು ಡಾಕ್ಟರು ಹೇಳಿದರು. ಔಷಧಿ ಚೀಟಿಯಲ್ಲಿ ಬರೆಯದ ಈ ಮೂರು ಮಾತೇ ಅವಳಿಗೆ ಹಿಡಿದ ಔಷಧಿ. ಮೊದಮೊದಲು ಗೇಟಿನಿಂದ ಬಾದಾಮಿ ಮರದ ಕಟ್ಟೆಯವರೆಗೆ ಹೋಗಿ ಕೂರುತ್ತಿದ್ದಳು. ಶ್ರಾವಣದಲ್ಲಿ ಹೊಂಗೆಯವರೆಗೆ ಹೋದಳು. ದಸರೆಯ ಹೊತ್ತಿಗೆ ಓಣಿಯ ತಿರುವಿನ ಬೇವಿನವರೆಗೆ ಹೋದಳು. ತಿರುವಿನ ಮನೆಯವರು ಅವಳ ಗೆಳತಿ ಮಂದಾಕಿನಿ. ಇವಳು ಬಂದು ಕೂತದ್ದು ಕಂಡರೆ ಕೈಕೆಲಸ ಬಿಟ್ಟು ಬರುವವರು.

ಬನ್ನಿ ಕೊಡುವ ಸಂಜೆ ಮನೆ ಮನೆ ಹತ್ತಿ ಇಳಿಯಲಾರದ ಹಿರಿಯರು ನಮ್ಮಲ್ಲಿ ಬೇವಿನ ಕಟ್ಟೆಯ ಮೇಲೆ ಕೂರುತ್ತಾರೆ. ಬನ್ನಿ ಅವರಿದ್ದಲ್ಲಿಗೇ ಬರುತ್ತದೆ. ಕಳೆದ ದಸರೆಯಲ್ಲಿ ರಾಜೇಶ್ವರಿಯೂ ಅವರ ಸಾಲಿನಲ್ಲಿ ಕೂತಳು. ಅರ್ಧ ಬಡಾವಣೆ ಬಂದು "ಬಂಗಾರದಂಗ ಇರೂಣ್ರಿ" ಎಂದು ಕೈಗೆ ಎಲೆ ಇಟ್ಟು ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅಂದೇ. ಆ ನಗುವನ್ನೇ ಶಿವಯೋಗೀಶ ಅವರು ಮೊಬೈಲಿನಲ್ಲಿ ಹಿಡಿದು, ಅರ್ಜಿಯ ಜೊತೆ ನಿಮಗೆ ಕಳಿಸಿದ್ದು.

ಬಾದಾಮಿಯ ಕಟ್ಟೆ, ಹೊಂಗೆಯ ಕಟ್ಟೆ ಹೋದ ಮೇಲೆ ನಾನು ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಅವಳ ಹಿಂದೆ ನಡೆಯತೊಡಗಿದೆ. ಅವಳು ದಣಿದಲ್ಲಿ ಇಡುವುದು, ಎದ್ದ ಮೇಲೆ ಎತ್ತುವುದು. ಮೂರನೆಯ ದಿನ ಬೈಕಿನ ಮೇಲೆ ಹೊರಟ ಒಬ್ಬ ಪರಿಚಿತ ಹುಡುಗ ಕೂಗಿದ: "ಏನ್ರಿ ಕಾಕಾ, ಕುರ್ಚಿ ಬಿಡವಲ್ರಿ! ಈ ಸಲ ಎಲೆಕ್ಷನ್ನಿಗೆ ನಿಂತೀರೇನು?" ಎಲ್ಲರೂ ನಕ್ಕರು, ರಾಜೇಶ್ವರಿಯೂ ನಕ್ಕಳು. ಮಾರನೆಯ ದಿನ ಚಪ್ಪಲಿ ಮೆಟ್ಟಲಿಲ್ಲ.

"ನನ್ನ ಹಿಂದ ಕುರ್ಚಿ ಹೊತಗೊಂಡ ಬರಬ್ಯಾಡ್ರಿ," ಅಂದಳು. "ಕಟ್ಟಿ ಮ್ಯಾಲ ಕುಂತ್ರ, ಓಣ್ಯಾಗಿನಾಕಿ ಕುಂತಾಳ ಅಂತಾರ. ಕುರ್ಚಿ ಮ್ಯಾಲ ಕುಂತ್ರ, ಬ್ಯಾನಿ ಬಂದಾಕಿ ಕುಂತಾಳ ಅಂತಾರ."

ಅಂದಿನಿಂದ ಮನೆಯೊಳಗೇ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ನಡೆದಳು. ಅವಳು ನಡೆಯುವಾಗ ನನಗೂ ಕೂರಲಾಗುತ್ತಿರಲಿಲ್ಲ. ನಾನು ಕಿಟಕಿಗೂ ಬಾಗಿಲಿಗೂ ತಿರುಗುತ್ತಿದ್ದೆ. ಮಾರ್ಕೆಟ್ಟಿನಲ್ಲಿ ಕಡಲೆಯ ಲಿಲಾವು ಕೂಗುವಾಗಲೂ ನನ್ನ ಮನಸ್ಸು ಅವಳ ಎಡಗಾಲಿನಲ್ಲೇ. ಒಂದು ವಾರದಲ್ಲಿ ಆ ಕಾಲು ಮತ್ತೆ ಎಳೆಯತೊಡಗಿತು.

ಬೇವಿನ ಕಟ್ಟೆ ಒಂದು ಇನ್ನೂ ಉಳಿದಿದೆ ಎಂದು ಮಂದಾಕಿನಿಯವರು ಫೋನು ಮಾಡಿ ತಿಳಿಸಿದ ಮೇಲೆ, ಕಳೆದ ರವಿವಾರ ಅವಳು ಕುರ್ಚಿ ಇಲ್ಲದೆ ಹೊರಟಳು. ಕಾಂಪೌಂಡು ಗೋಡೆ ಹಿಡಿದು ನಡೆದಳು. ಒಂದು ಗೇಟಿನ ಒಳಗಿಂದ ನಾಯಿ ಬೊಗಳಿದಾಗ ಕೈ ಹಿಂತೆಗೆದು ತೂರಾಡಿದಳು, ನಾನು ಹಿಡಿದೆ. ಜಾಳಿಗೆಯೊಳಗೆ ನಿಂತ ಬಾದಾಮಿ ಮರವನ್ನು ದಾಟಿದಳು, ಜಾಳಿಗೆಯೊಳಗೆ ನಿಂತ ಹೊಂಗೆಯನ್ನು ದಾಟಿದಳು. ಬೇವು ತಲುಪಿ ಕೂತಾಗ ಸೀರೆಯ ಸೆರಗು ಬೆವರಿನಲ್ಲಿ ತೊಯ್ದಿತ್ತು.

"ಬಂದ್ಯಾ?" ಅಂದರು ಮಂದಾಕಿನಿ. "ನಾ ಅನ್ಕೊಂಡಿದ್ದೆ, ಮನಿ ಬದಲಿ ಮಾಡಿದಿ ಅಂತ."

"ಮನಿ ಅಲ್ಲವಾ, ಓಣಿನ ಬದಲಿ ಆಗೇತಿ," ಅಂದಳು ಇವಳು. ಮೇಲೆ ನೋಡಿ ಮತ್ತೆ ಹೇಳಿದಳು: "ಗಿಡಾ ಐತಿ, ನೆಳ್ಳ ಐತಿ. ಕುಂಡ್ರಾಕ ಜಾಗಾ ಒಂದ ಇಲ್ಲ. ಇದೇನು ಫೋಟೋ ತಗಸಾಕ ಬೆಳಸ್ಯಾರೇನು?"

ಮಂದಾಕಿನಿಯವರು ಬೇವಿನ ಕಾಂಡದತ್ತ ಕೈ ತೋರಿಸಿದರು. ಎಂಟು ದಿನ ಬಿಟ್ಟು ಬರುವ ಸೋಮವಾರ ಇದನ್ನೂ ಒಡೆಯುತ್ತಾರೆ ಎಂಬ ನೋಟೀಸು ಆಗಲೇ ಮರಕ್ಕೆ ಅಂಟಿಸಿಯಾಗಿತ್ತು. ಓದಿದ ರಾಜೇಶ್ವರಿ, "ಹಂಗಾದ್ರ ನಾ ಇಲ್ಲಿ ಬರೂದು ಇನ್ನೊಂದ ವಾರ," ಅಂದಳು. ಅಳಲಿಲ್ಲ. ಪೇಟೆಯ ಧಾರಣೆ ಹೇಳುವ ಹಾಗೆ ಹೇಳಿದಳು.

ಮಾನ್ಯರೇ, ಮರಗಳಿರುವ ಬಡಾವಣೆ ಯಾಕೆ ಹಿತವಾಗಿರುತ್ತದೆ ಎಂದು ನೀವು ಎಂದಾದರೂ ಕೇಳಿಕೊಂಡಿದ್ದೀರಾ? ಗಾಳಿ ತಂಪು, ನಿಜ. ಕೋಗಿಲೆ ಕೂಗುತ್ತದೆ, ಅದೂ ನಿಜ. ಆದರೆ ಕೋಗಿಲೆ ಅರಣ್ಯದಲ್ಲೂ ಕೂಗುತ್ತದೆ, ನಾವು ಅಲ್ಲಿಗೆ ಮನೆ ಮಾಡಲು ಹೋಗುವುದಿಲ್ಲ. ನೆರಳಿನಲ್ಲಿ ಮನುಷ್ಯ ತಡೆದು ನಿಲ್ಲುತ್ತಾನೆ. ನಿಂತವನಿಗೆ ಕೂರಲು ಜಾಗವಿದ್ದರೆ ಮಾತು ಹುಟ್ಟುತ್ತದೆ. ಮಾತು ಹುಟ್ಟಿದ ಮೇಲೆ, ಎದುರು ಮನೆಯವರ ಹೆಸರು ಗೇಟಿನ ಫಲಕ ಓದದೆಯೂ ಗೊತ್ತಾಗುತ್ತದೆ. ಉಪ್ಪಿನಬೆಟಗೇರಿಯಿಂದ ಬೆಣ್ಣೆ ತರುವ ಮುತ್ತವ್ವ ಬುಟ್ಟಿ ಇಳಿಸುತ್ತಿದ್ದದ್ದು ಈ ಕಟ್ಟೆಗಳ ಮೇಲೆ. ಮನೆಗೆಲಸದವರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದದ್ದು ಇಲ್ಲಿ. ನಮ್ಮ ಮನೆಗಳಿಗೆ ಗೇಟುಗಳಿವೆ, ಗೇಟುಗಳಿಗೆ ಚಿಲಕಗಳಿವೆ. ಬಡಾವಣೆಯಲ್ಲಿ ಯಾರದೂ ಅಲ್ಲದ, ಆದ್ದರಿಂದಲೇ ಎಲ್ಲರದೂ ಆದ ಜಾಗವೆಂದರೆ ಆ ಹದಿನೇಳು ಕಟ್ಟೆಗಳಷ್ಟೇ ಇದ್ದವು. ಈಗ ಸಂಜೆ ನಮ್ಮ ಓಣಿಯಲ್ಲಿ ಜನ ಕಾಣುತ್ತಾರೆ, ಇಲ್ಲವೆನ್ನುವುದಿಲ್ಲ. ಎಲ್ಲರೂ ಎಲ್ಲಿಗೋ ಹೊರಟವರೇ. ಒಬ್ಬರೂ ಅಲ್ಲಿ ಇರಲು ಬಂದವರಲ್ಲ.

ಬುಧವಾರ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಹೊರಗೆ ಕಾಯುವವರಿಗೆ ಬೆಂಚಿರಲಿಲ್ಲ. ಈ ವಿಷಯದಲ್ಲಿ ನೀವು ಪಕ್ಷಪಾತ ಮಾಡುವವರಲ್ಲ ಎಂದು ತಿಳಿದು ಸಮಾಧಾನವಾಯಿತು. ಗುಮಾಸ್ತರು ನನ್ನ ಅರ್ಜಿ ತೆಗೆದುಕೊಂಡು, "ಪ್ರಶಸ್ತಿ ಬಂದೈತಿ ಅಂತ ಪೇಢೆ ತರೂದು ಬಿಟ್ಟು ತಕರಾರು ತಂದೀರಲ್ರಿ ಯಜಮಾನ್ರ!" ಅಂದರು. ತರಬಹುದಿತ್ತು. ತಿನ್ನುವವರು ಎಲ್ಲಿ ಕೂತು ತಿನ್ನಬೇಕು ಎಂಬುದೇ ತಿಳಿಯಲಿಲ್ಲ.

ಅಂದು ಸಂಜೆ ಶಿವಯೋಗೀಶ ಅವರು ಮನೆಗೆ ಬಂದರು. ಸಂಘದ ಅಧ್ಯಕ್ಷರಾಗಿ ಸೋಮವಾರ ಪ್ರಶಸ್ತಿ ಫಲಕ ಪಡೆಯಬೇಕಾದವರು ಅವರೇ. ರಾಜೇಶ್ವರಿಯ ಮುಖ ನೋಡದೆ ನನಗೆ ಹೇಳಿದರು: "ಕಟ್ಟಿ ಕಾಣ್ಲಿ ಅಂತನ ಆ ಫೋಟೋ ಕಳಸಿದ್ದೆರಿ. ಇದು ನೋಡಿದ್ರ ಅವರಿಗೆ ನಮ್ಮ ಓಣಿ ಹೆಂಗೈತಿ ಅಂತ ಗೊತ್ತಾಗ್ತೈತಿ ಅಂತ."

"ಗೊತ್ತಾತಲ್ಲ," ಅಂದಳು ರಾಜೇಶ್ವರಿ. "ಅದಕ್ಕ ಬಹುಮಾನ ಕೊಟ್ರು."

ಅವಳು ಹೇಳಿದ್ದು ಸರಿ. ಬಂದ ಅರ್ಜಿಗಳ ರಾಶಿಯಲ್ಲಿ ಈ ಒಂದು ಚಿತ್ರವನ್ನು ಪತ್ರಿಕೆಗೆ ಆರಿಸಿದ್ದು ನಿಮ್ಮ ಕಚೇರಿ. ಜಾಳಿಗೆಯ ಚಿತ್ರ ನಿಮ್ಮ ಬಳಿ ಇರಲಿಲ್ಲವೇ? ಇತ್ತು. ಪೇವರ್ಸ್‌ನ ಚಿತ್ರ? ಅದೂ ಇತ್ತು. ಆದರೂ ‘ನೆಮ್ಮದಿಯ ಬದುಕು’ ಎಂದು ಬರೆಯಬೇಕಾದಾಗ ನಿಮ್ಮವರ ಕೈ ಹುಡುಕಿಕೊಂಡು ಹೋದದ್ದು ಕಟ್ಟೆಯ ಮೇಲೆ ಕೂತವಳನ್ನು. ನಿಮ್ಮ ನಿಯಮಕ್ಕೆ ಗೊತ್ತಿಲ್ಲದ್ದು ನಿಮ್ಮ ಕಣ್ಣಿಗೆ ಗೊತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ ಎರಡೇ. ಬೇವಿನ ಕಟ್ಟೆಯ ತೆರವು ಆದೇಶವನ್ನು ಸೋಮವಾರಕ್ಕೆ ಮೊದಲು ಹಿಂದಕ್ಕೆ ತೆಗೆದುಕೊಳ್ಳಿ. ಉಳಿದ ಮರಗಳ ಪಕ್ಕದಲ್ಲಿ, ಬುಡ ಮುಟ್ಟದ ಹಾಗೆ, ಎರಡು ಕಲ್ಲಿನ ಕಾಲಿನ ಮೇಲೊಂದು ಹಾಸುಗಲ್ಲು ಇಡಲು ಬಡಾವಣೆಯವರಿಗೆ ಅನುಮತಿ ಕೊಡಿ. ಕಲ್ಲು ನಮ್ಮದು, ಕೂಲಿ ನಮ್ಮದು, ಬೇರಿಗೆ ಉಸಿರಾಡಲು ಜಾಗವೂ ಉಳಿಯುತ್ತದೆ. ಇದಕ್ಕೆ ಅಂಕ ಕಡಿಮೆಯಾಗುವುದಾದರೆ ಮುಂದಿನ ವರ್ಷ ನಮಗೆ ಎರಡನೆಯ ಸ್ಥಾನ ಕೊಡಿ. ಯಾರೂ ತಕರಾರು ತರುವುದಿಲ್ಲ.

ನಿಮ್ಮ ಆಮಂತ್ರಣ ಪತ್ರಿಕೆ ಮತ್ತು ಮರಕ್ಕೆ ಅಂಟಿಸಿದ ನೋಟೀಸು, ಎರಡನ್ನೂ ಸೇರಿಸಿ ಓದಿದರೆ ಸೋಮವಾರದ ಕಾರ್ಯಕ್ರಮ ಹೀಗಿದೆ. ಬೆಳಿಗ್ಗೆ ಎಂಟಕ್ಕೆ ಕಟ್ಟೆ ತೆರವು. ಹತ್ತಕ್ಕೆ ಶಾಮಿಯಾನ, ಫಲಕ. ಫಲಕದ ಮೇಲೆ ಅದೇ ಚಿತ್ರ. ಹನ್ನೊಂದಕ್ಕೆ ಬೇವಿನ ಮರದ ನೆರಳಿನಲ್ಲಿ ಪ್ರಶಸ್ತಿ ಪ್ರದಾನ. ಗಣ್ಯರಿಗೆ ಆಸನಗಳ ವ್ಯವಸ್ಥೆ ಮಾಡಲಾಗಿದೆ. ರಾಜೇಶ್ವರಿ ಏಳಕ್ಕೆ ಮನೆಯಿಂದ ಬೇವಿನ ಕಟ್ಟೆಗೆ ಹೊರಡುತ್ತಾಳೆ.

ಇಂತಿ,
ಸದ್ಯಕ್ಕೆ ನಿಂತೇ ಇರುವ ನಿವಾಸಿ,
ಶಂಭುಲಿಂಗ
ಗಿರಿಜಾ ಬಡಾವಣೆ, ಹುಬ್ಬಳ್ಳಿ