ಟಗ್ಗಿನ ಉದ್ದ ಹಗ್ಗ

ಹಡಗು ಎಳೆಯುವ ಕೆಲಸ ಬಿಟ್ಟು ಊರಿಗೆ ಬಂದ ನನ್ನ ಅಪ್ಪನಿಗೆ,

ಹಗ್ಗ ಇನ್ನೂ ಒದ್ದೆಯಾಗಿದೆ. ಹಿತ್ತಲಿನ ನಿನ್ನ ಗೂಟಕ್ಕೇ ಸುತ್ತಿ ಹಾಕಿ ಬಂದು ಬರೆಯಲು ಕೂತಿದ್ದೇನೆ. ಇವತ್ತು ಕೆರೆ ಹಬ್ಬ ಇತ್ತು.

ಕಾರವಾರದ ಬಂದರಿನಲ್ಲಿ ಹಡಗು ಎಳೆಯುವ ದೋಣಿ, ಆ ಟಗ್ ಬಿಟ್ಟು ನೀನು ಊರಿಗೆ ಬಂದ ವರ್ಷ ನೆನಪಾಗುತ್ತದೆ. ಕಾಲುವೆ ನೀರಿನಿಂದ ಕೆರೆ ತುಂಬಿತ್ತು. ಅಣ್ಣಿಗೇರಿಯಲ್ಲಿ ತಗಡಿನ ದೋಣಿ ವೆಲ್ಡ್ ಮಾಡಿಸಿ, ಪಂಪ್‌ಸೆಟ್ಟಿನ ಎಂಜಿನ್ ಕೂರಿಸಿ, "ಇದು ನಮ್ಮೂರ ಟಗ್" ಅಂದೆ. ಎತ್ತುಗಳಿಂದ ಕಲ್ಲು ಎಳೆಸಿ ಪಂದ್ಯ ಕಟ್ಟುವ ಊರು ಸುಮ್ಮನಿರುತ್ತದೆಯೇ? ಮರುವರ್ಷಕ್ಕೆ ಐದು ಟಗ್ಗುಗಳಾದವು. ಡ್ರಮ್ಮಿನ ತೆಪ್ಪಕ್ಕೆ ಮರಳಿನ ಚೀಲ ಹೇರಿ ಆಚೆ ದಂಡೆಯ ಬಾವುಟದವರೆಗೆ ಎಳೆಯುವುದೇ ಹಬ್ಬವಾಯಿತು.

ಮೊದಲ ಪಂದ್ಯದ ದಿನ ನೀನು ನಕ್ಕಿದ್ದು ನೆನಪಿದೆಯೇ? ಎಲ್ಲರೂ ಎತ್ತಿನ ಹಿಂದೆ ಕಲ್ಲು ಕಟ್ಟಿದ ಹಾಗೆ ಗಿಡ್ಡ ಹಗ್ಗ ಹಾಕಿದ್ದರು. "ನೀರು ಹೊಲ ಅಲ್ಲರ‍್ಯೊ," ಅಂದೆ. "ದೋಣಿ ಫ್ಯಾನ್ ಹಿಂದಕ್ಕ ನೂಕೋ ನೀರು ಸೀದಾ ತೆಪ್ಪದ ಎದೀಗೆ ಹೊಡೀತೈತಿ. ನೀವ ಎಳಿಯೂದು, ನೀವ ನೂಕೂದು." ನೀನು ಉದ್ದ ಹಗ್ಗ ಕಟ್ಟಿದೆ. ಗೆದ್ದೆ.

ಆಗ ಮೈಕು ಹಿಡಿದವನು ಗುರುಪಾದಪ್ಪ, ಎರಡನೆಯವನಾಗಿ ಬಂದವನು. "ಹಗ್ಗ ಉದ್ದ ಬಿಟ್ಟು ದೋಣಿ ಅಷ್ಟ ಮೊದಲ ಮುಟ್ಟಿಸ್ಯಾನ. ಇದು ಕಳ್ಳಾಟ." ನಿನ್ನ ತೆಪ್ಪವೂ ಅವನದಕ್ಕಿಂತ ಮೊದಲೇ ಬಂದಿತ್ತು. ಆದರೆ ಎಲ್ಲರ ಕಣ್ಣೂ ದೋಣಿಯ ಮೂತಿಯ ಮೇಲಿತ್ತು, ಊರು ಅವನ ಮಾತನ್ನೇ ನಂಬಿತು. ನೀನು ಹಗ್ಗ ಸುತ್ತಿಕೊಂಡು ಮನೆಗೆ ಬಂದೆ. ಮತ್ತೆ ಕೆರೆಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ "ಏನ್ರಿ ಉದ್ದಹಗ್ಗ, ಅರಾಮ?" ಅಂದವರಿಗೂ ನೀನು ಕೈ ಮುಗಿಯುತ್ತಿದ್ದೆ. ಯಾಕಪ್ಪಾ?

ನಿನ್ನನ್ನು ಮಣ್ಣಿಗಿಟ್ಟ ದಿನ ಅವನೂ ಬಂದಿದ್ದ. "ಪಾಪ, ಆಯುಷ್ಯದ ಹಗ್ಗ ಗಿಡ್ಡ ಆತು" ಅಂದ. ಯಾರೋ ಕಿಸಕ್ಕನೆ ನಕ್ಕರು. ಆ ನಗು ನನ್ನ ಕಿವಿಯಲ್ಲಿ ಎಷ್ಟು ದಿನ...

ಈ ಸಲ ಹಬ್ಬದ ಕಮಿಟಿಯವರು ಮನೆಗೆ ಬಂದು, "ಎಂ.ಎ. ಓದೀದಿ, ನಿಯಮ ಬರದು ಕೊಡವ್ವ" ಅಂದರು. ಎರಡೇ ಸಾಲು ಬರೆದೆ: ತೆಪ್ಪದ ಬಾಲ ಬಾವುಟ ದಾಟಿದರೆ ಗೆದ್ದಂತೆ. ಹಗ್ಗ ಎಷ್ಟುದ್ದವಾದರೂ ಇರಬಹುದು. ನಾನೇ ದೋಣಿ ಓಡಿಸುತ್ತೇನೆಂದೂ ಹೇಳಿದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು. "ದಿನಾ ಕವಿತಿ ಓದಾಕಿ, ಇಷ್ಟು ಸೇಡು ಎಲ್ಲಿಂದ ತಂದೀಬೇ?" ಅಂದಳು. ಆಮೇಲೆ ತಾನೇ ನಿನ್ನ ಹಗ್ಗವನ್ನು ಅಟ್ಟದಿಂದ ಇಳಿಸಿ ಕೊಟ್ಟಳು.

ಏನಾಗುತ್ತದೆಂದು ನನಗೆ ಗೊತ್ತಿತ್ತು. ಇವತ್ತು ಉಳಿದವರೆಲ್ಲ ಗದ್ದಲ ಮಾಡದೆ ಉದ್ದ ಹಗ್ಗ ಕಟ್ಟಿದರು. ಗುರುಪಾದಪ್ಪ ಮಾತ್ರ ಕಟ್ಟುವಂತಿರಲಿಲ್ಲ. ಕಟ್ಟಿದರೆ ಅಂದು ಕಳ್ಳ ಯಾರೆಂದು ಊರು ಕೇಳುತ್ತಿತ್ತು. ಅವನ ಗಿಡ್ಡ ಹಗ್ಗದ ತೆಪ್ಪ ನಡುಕೆರೆಯಲ್ಲಿ ತೆವಳಿತು. ಅವನು ಎಂಜಿನ್ ಇನ್ನಷ್ಟು ಜೋರು ಮಾಡಿದ, ಮತ್ತಷ್ಟು ನೀರು ತೆಪ್ಪಕ್ಕೆ ಬಡಿಯಿತು. ಕೊನೆಗೆ ಕಾದು ಹೊಗೆ ಎದ್ದು ಎಂಜಿನ್ ಜಾಮಾಯಿತು.

ನಾನು ಎರಡನೆಯವಳಾಗಿ ಬಂದೆ. ಗೆಲ್ಲಲು ಹೋದವಳೇ ಅಲ್ಲ. ತೆಪ್ಪ ಬಿಚ್ಚಿಟ್ಟು ದೋಣಿ ತಿರುಗಿಸಿ ನಿನ್ನ ಹಗ್ಗ ಎಸೆದೆ. "ಹಿಡೀರಿ ಕಾಕಾ."

"ಗಿಡ್ಡ ಮಾಡಿ ಕಟ್ಟವ್ವ, ಮಂದಿ ನೋಡಾಕತ್ತಾರ."

"ನಮ್ಮಪ್ಪ ಉದ್ದ ಕಟ್ಟೂದ ಕಲಿಸ್ಯಾನ್ರಿ."

ಹತ್ತಿರದ ದಂಡೆ ಬಾಜೂಕೇ ಇತ್ತು. ನಾನು ಅತ್ತ ಹೋಗಲಿಲ್ಲ. ಜನ ಕೂತಿದ್ದ ಅಷ್ಟೂ ಮೆಟ್ಟಿಲುಗಳ ಮುಂದೆ, ನಿಧಾನವಾಗಿ, ಅವನನ್ನು ಎಳೆದುಕೊಂಡು ಹೋದೆ. "ಗುರುಪಾದಪ್ಪಾ, ಹಗ್ಗ ಸಾಕಾತೇನೊ?" ಅಂತ ಯಾರೋ ಕೂಗಿದರು. ನೀನಿದ್ದಿದ್ದರೆ "ಬಿಡವ್ವ" ಅನ್ನುತ್ತಿದ್ದೆ. ನಾನು ಬಿಡಲಿಲ್ಲ.

ದಂಡೆಗಿಳಿದ ಮೇಲೆ ಅವನು ತಲೆ ತಗ್ಗಿಸಿ, ನನಗಷ್ಟೇ ಕೇಳುವಂತೆ, "ಅವತ್ತು ಗೆದ್ದಾಂವ ನಿಮ್ಮಪ್ಪ" ಅಂದ.

"ಮೈಕಿನ್ಯಾಗ ಹೇಳ್ರಿ," ಅಂದೆ.

ಹೇಳಿದ, ಅಪ್ಪಾ. ಮೊರಬದಿಂದ ಟ್ರ್ಯಾಕ್ಟರಿನಲ್ಲಿ ಬಂದವರೂ ಕೇಳಿದರು. ಅವ್ವ ಅತ್ತಳು. ನಾನು ಅಳಲಿಲ್ಲ. ಪಂದ್ಯದ ದಿನದ ಮಾತಿನ ಲೆಕ್ಕ ತೀರಿತು. ನಿನ್ನ ಮಣ್ಣಿನ ದಿನ ಆಡಿದ ಮಾತಿನದು ಇನ್ನೂ ತೀರಿಲ್ಲ.

ಹಗ್ಗ ಒಣಗಲಿ.

ನಿನ್ನ ಮಗಳು