ಹಬ್ಬದ ದಿನ ನಿಲ್ಲದ ಪಂಪು

ಅಜ್ಜಂಪುರ
ಗುರುವಾರ, 9 ಅಕ್ಟೋಬರ್ 2025

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಶರಣ್ಯಾ ಮಾಡುವ ನಮಸ್ಕಾರ. ಇಲ್ಲಿ ನಾನು, ಅಪ್ಪ, ಮಷೀನು ಮೂವರೂ ಚೆನ್ನಾಗಿದ್ದೇವೆ. ಬೀರೂರಿನಲ್ಲಿ ನೀನು, ಅಜ್ಜಿ, ಸೋಮಶೇಖರಪ್ಪ ಮಾವ ಹೇಗಿದ್ದೀರಿ? ಅಜ್ಜಿಯ ಮಂಡಿನೋವು ಕಡಿಮೆಯಾಯಿತೇ?

ನೀನು ಮಾವನ ಕೈಲಿ ಕಳಿಸಿದ ಕೋಡುಬಳೆ ಬಂದು ಎಷ್ಟೋ ದಿನವಾಯಿತು. ಬಂತು ಎಂದು ಹೇಳುವುದಕ್ಕೂ ಇಷ್ಟು ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಊಟ ಆಯ್ತಾ?" ಎಂದು ಕೇಳುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಅಷ್ಟರಲ್ಲಿ ಫೋನು ಮಾವನ ಕೈಗೆ ಹೋಗಿರುತ್ತದೆ. ನನಗೂ ಎದುರಿಗೆ ಯಾರಾದರೂ ಇದ್ದರೆ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದ. ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಂದಿಸಿಕೊಂಡು ಓದು. ನೀನೇ ಓದು, ಮಾವನ ಕೈಲಿ ಓದಿಸಬೇಡ.

ಕೋಡುಬಳೆಗೆ ನೀನು ಉಪ್ಪೇ ಹಾಕಿಲ್ಲ. ನನಗೋಸ್ಕರ ಎಂದು ಗೊತ್ತಾಯಿತು. ಪಕ್ಕದಿಂದ ಅಪ್ಪನ ಅಂಗಡಿಗೆ ಬಂದ ಗೌಸಣ್ಣ ಗೊತ್ತಿಲ್ಲದೆ ಒಂದು ಬಾಯಿಗೆ ಹಾಕಿಕೊಂಡು, "ಏನಮ್ಮಾ, ನಿಮ್ಮಮ್ಮ ನಮ್ಮೇಲೆ ಕೋಪ ಮಾಡ್ಕೊಂಡವಳಾ?" ಎಂದರು. ಆದರೂ ಡಬ್ಬಿ ಖಾಲಿ ಮಾಡಿದ್ದು ಅವರೇ.

ಈಗ ಮಷೀನಿನ ವಿಷಯ ಹೇಳುತ್ತೇನೆ. ನೀನು ಅದನ್ನು ಇನ್ನೂ ನೋಡಿಲ್ಲ. ನಮ್ಮ ಹಳೆಯ ಟೇಪ್‌ರೆಕಾರ್ಡರ್‌ಗಿಂತ ಸ್ವಲ್ಪ ದೊಡ್ಡದು. ಮಂಚದ ಪಕ್ಕದ ಮೇಜಿನ ಮೇಲೆ ಕೂತಿದೆ. ಅದರ ತಲೆಯ ಮೇಲೆ ಔಷಧಿ ನೀರಿನ ಚೀಲ ಮಲಗಿಸಿದರೆ ತಾನೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ನನ್ನ ಹೊಟ್ಟೆಯಲ್ಲಿ ಕೂರಿಸಿರುವ ಕ್ಯಾಥೆಟರ್‌ ಕೊಳವೆಗೆ ಅದರ ಟ್ಯೂಬು ಸೇರಿಸಿ ಮಲಗಿದರೆ ಆಯಿತು. ನೀರನ್ನು ಒಳಗೆ ಬಿಡುತ್ತದೆ, ಸ್ವಲ್ಪ ಹೊತ್ತು ಅಲ್ಲೇ ಇರಿಸುತ್ತದೆ, ಮೈಯ ಕೊಳೆಯ ಜೊತೆಗೆ ಹೊರಗೆ ಎಳೆಯುತ್ತದೆ, ಮತ್ತೆ ಹೊಸ ನೀರು ಬಿಡುತ್ತದೆ. ನಾನು ನಿದ್ದೆ ಮಾಡುತ್ತಿರುತ್ತೇನೆ. ಬೆಳಿಗ್ಗೆ ಟ್ಯೂಬು ಬಿಚ್ಚಿ ಮುಚ್ಚಳ ಹಾಕಿಕೊಂಡರೆ ಇಡೀ ದಿನ ನನ್ನದು. ರಕ್ತ ತೊಳೆಸಲು ಶಿವಮೊಗ್ಗದ ಬಸ್ಸಿಗೆ ಓಡುವುದು ತಪ್ಪಿತು. ಮತ್ತೆ ಸೀರೆಗಳಿಗೆ ಕುಚ್ಚು ಕಟ್ಟಲು ಶುರು ಮಾಡಿದ್ದೇನೆ. ಕಾಲಿನ ಊತ ಇಳಿದಿದೆ. ಅನ್ನ ರುಚಿಸುತ್ತಿದೆ.

ಮಷೀನು ಮನೆಗೆ ಬಂದ ದಿನ ಗೌಸಣ್ಣ ಮೋಟಾರಿನ ಕಾಯಿಲ್ ಸುತ್ತುವುದನ್ನು ಅರ್ಧಕ್ಕೇ ಬಿಟ್ಟು ಪಕ್ಕದ ಅಂಗಡಿಯಿಂದ ಓಡಿ ಬಂದರು. ಸುತ್ತಲೂ ನೋಡಿ, "ಬಸಣ್ಣ, ಎಷ್ಟು ಎಚ್‌ಪಿ ಇದು?" ಎಂದು ಕೇಳಿದರು.

"ಎಚ್‌ಪಿ ಅಂತೆ! ಲೇ, ಇದು ಬೋರಿಗೆ ಇಳ್ಸೋ ಮೋಟ್ರಾ?" ಎಂದ ಅಪ್ಪ.

"ನೀರು ಎತ್ತುತ್ತೆ, ನೀರು ಬಿಡ್ತದೆ. ಮೋಟ್ರಲ್ದೆ ಇನ್ನೇನಪ್ಪಾ?"

ಜೀವಮಾನವೆಲ್ಲ ಈ ಸೀಮೆಯ ತೋಟಗಳ ಪಂಪ್‌ಸೆಟ್ಟು ರಿಪೇರಿ ಮಾಡಿದ ಅಪ್ಪನಿಗೆ ಆ ಮಾತು ಇಷ್ಟವಾಗಿದ್ದು ಮುಖದಲ್ಲೇ ಕಾಣಿಸಿತು. ಕರೆಂಟು ಹೋದರೂ ಅದು ನಿಲ್ಲಬಾರದೆಂದು ಮಾರನೆಯ ದಿನವೇ ಗೌಸಣ್ಣ ತಮ್ಮ ಮನೆಯ ಇನ್ವರ್ಟರ್ ತಂದು ಜೋಡಿಸಿದರು. ಅವರ ಮನೆಯವರು ಬೈದುಕೊಂಡೇ ಬೀಸಣಿಗೆ ಹಿಡಿದಿದ್ದಾರಂತೆ.

ಅಮ್ಮ, ಆಸ್ಪತ್ರೆಯಲ್ಲಿ ಕಲಿಸುವಾಗ ನರ್ಸ್ ಅತೀಯಾ ಸಿಸ್ಟರ್ ಟ್ಯೂಬನ್ನು ಮೊದಲು ನಿನ್ನ ಕೈಗೇ ಕೊಟ್ಟಿದ್ದರು. ನೀನು ಕೈ ಹಿಂದಕ್ಕೆ ಎಳೆದುಕೊಂಡೆ. "ನನ್ನ ಕೈಯಿಂದ ಆಗಿದ್ದು ಯಾವ್ದೂ ನಿಲ್ಲಲ್ಲ, ಅವಳಪ್ಪಂಗೇ ಕಲ್ಸಿ" ಎಂದೆ. ಅಲ್ಲಿಂದಲೇ ಅಜ್ಜಿಯ ನೆಪ ಹೇಳಿ ಬೀರೂರಿಗೆ ಹೋದೆ. ಗೌರಿ ಹಬ್ಬಕ್ಕೂ ಬರಲಿಲ್ಲ. ನಿನ್ನನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ನೀನು ಹೋದ ಮೇಲೆ ಅಪ್ಪ ಏನೇನು ಪಾಡುಪಟ್ಟ ಎಂದು ಹೇಳಬೇಕಲ್ಲ, ಅದಕ್ಕೆ.

ಮೊದಲ ಪಾಠ ಕೈ ತೊಳೆಯುವುದು. ಅಪ್ಪನ ಕೈ ನಿನಗೆ ಗೊತ್ತಲ್ಲ, ಗೆರೆಗೆರೆಯಲ್ಲೂ ಗ್ರೀಸು. ಸೋಪು ಹಾಕಿದ, ನಿಂಬೆಹಣ್ಣು ತಿಕ್ಕಿದ, ಸೀಮೆಎಣ್ಣೆ ಎಲ್ಲಿ ಸಿಗುತ್ತದೆ ಎಂದು ಆಸ್ಪತ್ರೆಯವರನ್ನೇ ಕೇಳಿದ. ಅತೀಯಾ ಸಿಸ್ಟರ್ ಕೈ ತಿರುಗಿಸಿ ನೋಡಿ, "ಅಂಕಲ್, ಇದು ಕೊಳೆ ಅಲ್ಲ, ನಿಮ್ಮ ಬಣ್ಣಾನೇ ಇದು. ಗ್ಲೌಸ್ ಹಾಕ್ಕೊಳ್ಳಿ" ಎಂದು ನಕ್ಕರು. ಅವರು ತರೀಕೆರೆಯವರು. ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರು, ಆದರೆ ಗದರಿದರೆ ಅಪ್ಪ ಎದ್ದು ನಿಲ್ಲುತ್ತಾನೆ.

ಈಗ ಆಯುಧಪೂಜೆಯ ದಿನ ಆದದ್ದು ಕೇಳು.

ಅವತ್ತು ಬೆಳಿಗ್ಗೆ ನಾನು ಟ್ಯೂಬು ಬಿಚ್ಚಿ ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಮೇಜು ಖಾಲಿ. ಅಂಗಡಿಯಲ್ಲಿ ಅಪ್ಪ ಮೋಟಾರು ಎತ್ತುವ ಚೈನ್‌ಬ್ಲಾಕು, ಸ್ಪ್ಯಾನರುಗಳು, ಬಿಚ್ಚಿಟ್ಟ ಮೋಟಾರುಗಳನ್ನೆಲ್ಲ ಸಾಲಾಗಿ ಜೋಡಿಸಿ, ಅವುಗಳ ನಡುವೆ ಹೊಸ ಟವೆಲ್ಲು ಹಾಸಿ ನನ್ನ ಮಷೀನನ್ನು ಕೂರಿಸಿದ್ದಾನೆ. ಹಣೆ ಎಂದು ಅಪ್ಪನಿಗೆ ಅನಿಸಿದ ಕಡೆ ಮೂರು ಬೆರಳಿನ ವಿಭೂತಿ. ಅದರ ಕೆಳಗೆ ಧಾರಾಳವಾಗಿ ಕುಂಕುಮ. ಮೇಲೆ ಇಷ್ಟು ದಪ್ಪದ ಚೆಂಡುಹೂವಿನ ಹಾರ. ಮಿಕ್ಕ ಯಾವ ಸಾಮಾನಿಗೂ ಅಷ್ಟು ಹೂವಿರಲಿಲ್ಲ. ಅಪ್ಪ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ. ತುಟಿ ಅಲ್ಲಾಡುತ್ತಿತ್ತು. ಆ ಮುಖ ನೋಡಿ ನಾನು ಬಂದ ದಾರಿಯಲ್ಲೇ ಒಳಗೆ ಹೋದೆ.

ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬೆಳಿಗ್ಗೆಯವರೆಗೆ ಅಪ್ಪ ಕದಲಿಸುವುದಿಲ್ಲ. ಅವತ್ತು ಸ್ಪ್ಯಾನರು ಮುಟ್ಟುವುದಿಲ್ಲ, ಯಾರು ಕರೆದರೂ ಹೋಗುವುದಿಲ್ಲ. ಮಧ್ಯಾಹ್ನ ಚಿಕ್ಕಬೀರಪ್ಪ ತನ್ನ ಈರುಳ್ಳಿ ಹೊಲದ ಮೋಟಾರು ನಿಂತಿದೆ ಎಂದು ಬಂದರೆ, ಕೈಗೆ ಮಂಡಕ್ಕಿ ಪೊಟ್ಟಣ ಕೊಟ್ಟು, "ನಾಳೆ ಬೆಳಕು ಹರಿಯೋದ್ರೊಳಗೆ ನಿನ್ನ ಹೊಲದಾಗಿರ್ತೀನಿ, ಇವತ್ತು ಮಾತ್ರ ಕೇಳ್ಬೇಡ ಕಣಯ್ಯಾ" ಎಂದು ಕಳಿಸಿದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಮಷೀನಿನ ಮುಂದೆ ಹೋಗಿ ನಿಂತ. ಮುಟ್ಟಲಿಲ್ಲ. ನನ್ನ ಮುಖ ನೋಡಿದ, ಹಾರ ನೋಡಿದ. ಆಗಲೇ ಅವನಿಗೆ ಹೊಳೆದದ್ದು, ಈ ಆಯುಧ ಒಂದು ದಿನವೂ ಸುಮ್ಮನೆ ಕೂರುವಂಥದ್ದಲ್ಲ ಎಂದು.

ಬಾಗಿಲಲ್ಲಿದ್ದ ಗೌಸಣ್ಣ, "ಏನಪ್ಪಾ, ದೇವ್ರ ಹತ್ರ ಪರ್ಮಿಶನ್ ಕೇಳ್ತಿದೀಯಾ?" ಎಂದರು.

"ಪೂಜೆಗಿಟ್ಟಿದ್ದು ಕಣೋ. ಹೆಂಗೆ ಕದಲ್ಸೋದು?"

"ಆ ಮೋಟ್ರಿಗೇನೂ ಹುಷಾರ್ ತಪ್ಪಿಲ್ಲ, ಈ ಮಗೀಗೆ ಹುಷಾರಿಲ್ಲ. ಯಾರಿಗೋಸ್ಕರ ಪೂಜೆ ಮಾಡ್ದೆ ನೀನು? ಎತ್ತು ಅತ್ಲಾಗೆ."

ಅಪ್ಪ ಹಾರ ತೆಗೆದ. ಮಷೀನನ್ನು ಮಗುವಿನ ಹಾಗೆ ತಬ್ಬಿಕೊಂಡು ಒಳಗೆ ತಂದ. ಸ್ವಿಚ್ಚು ಹಾಕಿ, ಟ್ಯೂಬಿನ ಪೆಟ್ಟಿಗೆ ಕೂರಿಸಿ ಮುಂದಿನ ಬಾಗಿಲು ಒತ್ತಿದರೆ ಅದು ಮುಚ್ಚಿಕೊಳ್ಳಲೇ ಇಲ್ಲ. ಮಷೀನು ಕೂಗಿಕೊಳ್ಳಲು ಶುರು ಮಾಡಿತು. ಸ್ಕ್ರೂಡ್ರೈವರ್ ಎಲ್ಲಿದೆ ಎಂದ ಅಪ್ಪ. ನಾನು ಮೊದಲ ಸಲ ಅಪ್ಪನಿಗೆ ಜೋರು ಮಾಡಿದೆ. "ಬೇಡ. ಸಿಸ್ಟರ್‌ಗೆ ಫೋನ್ ಮಾಡು" ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ.

ಅತೀಯಾ ಸಿಸ್ಟರ್ ಎರಡನೇ ರಿಂಗಿಗೇ ಎತ್ತಿದರು. "ಬಾಗಿಲಲ್ಲಿ ಏನಾದ್ರೂ ಸಿಕ್ಕಿಕೊಂಡಿದೆಯಾ ಅಂಕಲ್?"

"ಏನೂ ಇಲ್ಲಮ್ಮ. ಸ್ವಲ್ಪ ಹೂವಿನ ಎಸಳು."

"ಹೂವಾ?"

"ಒಂಚೂರು ಕುಂಕುಮ. ವಿಭೂತೀನೂ ಇರ್ಬೋದು."

"ಅಂಕಲ್, ಅದಕ್ಕೆ ಎಡೆ ಏನಾದ್ರೂ ಇಟ್ರಾ?" ಎಂದು ಸಿಸ್ಟರ್ ಕೇಳಿದರು. ಗೌಸಣ್ಣ ಹೊರಗೆ ಹೋಗಿ ನಕ್ಕು ಬಂದರು.

ಅವತ್ತು ಮಷೀನನ್ನು ಮುಟ್ಟುವುದೇ ಬೇಡ, ಕರೆಂಟಿಲ್ಲದೆ ಕೈಯಲ್ಲೇ ಹಾಕುವ ಚೀಲ ಇದೆಯಲ್ಲ, ಅದನ್ನು ಬೆಚ್ಚಗೆ ಮಾಡಿ ಎತ್ತರಕ್ಕೆ ಕಟ್ಟಿ ಎಂದು ಸಿಸ್ಟರ್ ಹೇಳಿದರು. ಖಾಲಿ ಚೀಲ ನೆಲದ ಮೇಲೆ, ತುಂಬಿದ ಚೀಲ ತಲೆಯ ಮೇಲೆ. ಆದರೆ ಅಪ್ಪನಿಗೆ ಧೈರ್ಯ ಸಾಲದು. "ತಳ್ಳೋಕೆ ಪಂಪೇ ಇಲ್ದೆ ಹೆಂಗಮ್ಮ?" ಎಂದು ಮೂರು ಸಲ ಕೇಳಿದ. ನಾನು ಹೇಳಿದೆ, "ಅಪ್ಪ, ಮೇಲಿಂದ ಕೆಳಗೆ ಬರೋ ನೀರಿಗೆ ಯಾವ ತೋಟದಲ್ಲಿ ಮೋಟ್ರು ಇಟ್ಟಿದೀಯ?" ಆಗ ತಲೆಯಾಡಿಸಿದ. ಕಿಟಕಿ ಮುಚ್ಚಿ, ಬಾಯಿಗೆ ಬಟ್ಟೆ ಕಟ್ಟಿ, ಕೈ ತೊಳೆದು, ಗೋಡೆಯ ಮೊಳೆಗೆ ಚೀಲ ಕಟ್ಟಿ ಅದರ ಕೆಳಗೇ ನಿಂತ. ಟ್ಯೂಬು ನಾನೇ ಸೇರಿಸಿಕೊಂಡೆ. ಬೆಳಿಗ್ಗೆ ಮಷೀನು ಹೊಟ್ಟೆಯಲ್ಲೇ ಉಳಿಸಿದ್ದ ಹಳೆಯ ನೀರು ಕೆಳಗಿನ ಚೀಲಕ್ಕೆ ಇಳಿಯಿತು, ಆಮೇಲೆ ಮೇಲಿನದು ಬೆಚ್ಚಗೆ ಒಳಗೆ ಇಳಿಯಿತು. ಎರಡೂ ಆಗುವವರೆಗೆ ಅಪ್ಪ ಕೈ ಮೇಲೆತ್ತಿಕೊಂಡೇ ಇದ್ದ. ಮೊಳೆ ಗಟ್ಟಿಯಾಗಿಯೇ ಇತ್ತು. ಅವನಿಗೆ ಮೊಳೆಯ ಮೇಲೆ ನಂಬಿಕೆ ಇರಲಿಲ್ಲ.

ಹೊಟ್ಟೆಯೊಳಗೆ ಸೋಂಕು ಹತ್ತಿದರೆ ಹೊರಬರುವ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗುತ್ತದಂತೆ. ಅದಕ್ಕೆ ಸಿಸ್ಟರ್ ಒಂದು ಪರೀಕ್ಷೆ ಹೇಳಿಕೊಟ್ಟಿದ್ದಾರೆ. ಚೀಲದ ಹಿಂದೆ ಅಚ್ಚಿನ ಕಾಗದ ಹಿಡಿಯಬೇಕು, ಅಕ್ಷರ ಓದಲು ಬಂದರೆ ಭಯವಿಲ್ಲ. ಮಾರನೆಯ ಬೆಳಿಗ್ಗೆ ನೀರು ಇಳಿಸಿದ ಮೇಲೆ ನಾನು ಪೇಪರು ಹಿಡಿದೆ. ಅಪ್ಪ ಕನ್ನಡಕ ಹಾಕಿಕೊಂಡು, ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಶಾಲೆಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ, "ಈ-ರು-ಳ್ಳಿ ಧಾ-ರ-ಣೆ ಕು-ಸಿ-ತ" ಎಂದು ಓದಿದ. ಓದಿ ಎದ್ದು ನಿಂತ. ಈರುಳ್ಳಿ ಧಾರಣೆ ಕುಸಿದಿದ್ದಕ್ಕೆ ಅಷ್ಟು ಸಂತೋಷಪಟ್ಟವನು ನಮ್ಮ ತಾಲ್ಲೂಕಿನಲ್ಲಿ ಅವನೊಬ್ಬನೇ ಇರಬೇಕು. ಆಮೇಲೆ ಸೈಕಲ್ ಹತ್ತಿ ಚಿಕ್ಕಬೀರಪ್ಪನ ಹೊಲಕ್ಕೆ ಹೋದ. ಬೆಳಕು ಹರಿದು ಬಹಳ ಹೊತ್ತಾಗಿತ್ತು.

ಅದೇ ದಿನ ಅತೀಯಾ ಸಿಸ್ಟರ್ ರಜೆಯಿದ್ದರೂ ತರೀಕೆರೆಯಿಂದ ಬಸ್ಸಿನಲ್ಲಿ ಬಂದರು. ಹತ್ತಿಯಿಂದ ಬಾಗಿಲಿನ ಸಂದಿಯನ್ನೆಲ್ಲ ಒರೆಸಿ ತೆಗೆದರು. ಹತ್ತಿ ಕೆಂಪಗಾಗಿದ್ದು ನೋಡಿ ಅಪ್ಪ ತಲೆ ತಗ್ಗಿಸಿದ. ಬಾಗಿಲು ಟಕ್ ಎಂದು ಮುಚ್ಚಿಕೊಂಡಿತು. "ಪೂಜೆ ಬೇಡ ಅನ್ನಲ್ಲ ಅಂಕಲ್. ಮುಂದಿನ ವರ್ಷ ಮೇಜಿನ ಕಾಲಿಗೆ ಮಾಡಿ" ಎಂದರು. ಅಪ್ಪ, "ಆಯ್ತಮ್ಮ, ಮೇಜಿನ ಕಾಲಿಗೇ" ಎಂದ. ಮುಂದಿನ ವರ್ಷ ಎಂದು ಅವರು ಎಷ್ಟು ಸಲೀಸಾಗಿ ಅಂದರು ನೋಡು ಅಮ್ಮ. ನನಗೆ ಆ ಮಾತು ಬಹಳ ಹಿತವಾಯಿತು.

ಹೊರಡುವಾಗ ಸಿಸ್ಟರ್ ಕೇಳಿದರು, "ಅಮ್ಮ ಇನ್ನೂ ಬಂದಿಲ್ವಾ? ಅವ್ರಿಗೂ ಕಲಿಸ್ಬೇಕಿತ್ತು." ಅಪ್ಪ ಹೇಳಿದ, "ಬತ್ತಾಳೆ. ಬಂದ್ಮೇಲೆ ನಾನೇ ಕಲಿಸ್ತೀನಿ ಬಿಡಮ್ಮ."

ಅಪ್ಪ ನಿನ್ನನ್ನು ಕರೆಯುವುದಿಲ್ಲ, ಅವನ ಸ್ವಭಾವ ಅದು. ಆದರೆ ಗ್ಲೌಸ್ ತರುವಾಗ ಸಣ್ಣ ಅಳತೆಯದೂ ಒಂದು ಪೆಟ್ಟಿಗೆ ತಂದಿಟ್ಟಿದ್ದಾನೆ. ಅದು ಅವನ ಕೈಗೂ ಹಿಡಿಯುವುದಿಲ್ಲ, ನನ್ನ ಕೈಗೂ ಹಿಡಿಯುವುದಿಲ್ಲ. ದೀಪಾವಳಿ ಹತ್ತಿರ ಬಂತು. ಬೀರೂರಿನಿಂದ ಇಲ್ಲಿಗೆ ರೈಲು ಹತ್ತಿದರೆ ಎಷ್ಟು ಹೊತ್ತಿನ ದಾರಿ? ಅಜ್ಜಿಯನ್ನು ಮಾವ ನೋಡಿಕೊಳ್ಳುತ್ತಾರೆ. ಬಂದು ಒಂದು ಸಂಜೆ ಸುಮ್ಮನೆ ಕೂತು ನೋಡು. ಮುಟ್ಟು ಎಂದು ಯಾರೂ ಒತ್ತಾಯ ಮಾಡುವುದಿಲ್ಲ.

ಅಜ್ಜಿಗೂ ಮಾವನಿಗೂ ನನ್ನ ನಮಸ್ಕಾರ ತಿಳಿಸು. ದೂರದಿಂದಲೇ ಆದರೂ ನನ್ನ ತಲೆಯ ಮೇಲೆ ಕೈಯಿಟ್ಟು ಹರಸು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ಅಡುಗೆಗಾದರೂ ಉಪ್ಪು ಹಾಕಿಕೋ.

ನಿನ್ನ ಮಗಳು,
ಶರಣ್ಯಾ

ಇನ್ನೊಂದು ಮಾತು. ಮೇಲೆ ಬರೆಯಲು ಧೈರ್ಯ ಬರಲಿಲ್ಲ, ಈಗ ಬರೆದುಬಿಡುತ್ತೇನೆ. ನೀನು ಕೊಟ್ಟ ಕಿಡ್ನಿ ನಿಂತುಹೋಯಿತು ಎಂದು ಡಾಕ್ಟರು ಹೇಳಿದ ದಿನದಿಂದ ನೀನು ನನ್ನ ಮುಖ ನೇರವಾಗಿ ನೋಡಿಲ್ಲ. ಕೊಟ್ಟದ್ದು ಸರಿಯಿರಲಿಲ್ಲವೇನೋ ಎಂದು ನಿನ್ನನ್ನೇ ನೀನು ಬೈದುಕೊಳ್ಳುತ್ತಿದ್ದೀಯ ಎಂದು ನನಗೆ ಗೊತ್ತು. ಕಾಯಿಲೆಯಿಂದ ಐದನೇ ಕ್ಲಾಸಿಗೆ ಶಾಲೆ ಬಿಟ್ಟಾಗ ನಾನು ನಿನ್ನ ಸೊಂಟದ ಎತ್ತರ ಇದ್ದೆ. ನಿನ್ನ ಕಿಡ್ನಿ ಬಂದ ಮೇಲೆ ತಾನೇ ನಾನು ಬೆಳೆದದ್ದು? ನಿನ್ನನ್ನು ಮೀರಿ ಬೆಳೆದೆ. ಆ ವರ್ಷಗಳನ್ನು ನನ್ನಿಂದ ಯಾರೂ ವಾಪಸ್ಸು ತೆಗೆದುಕೊಂಡಿಲ್ಲ. ಮೊನ್ನೆ ಡಾಕ್ಟರನ್ನು ನಾನೇ ಬಾಯಿಬಿಟ್ಟು ಕೇಳಿದೆ, ಅದನ್ನು ಕೊಯ್ದು ತೆಗೆಯುತ್ತೀರಾ ಎಂದು. ತೊಂದರೆ ಕೊಡದಿದ್ದರೆ ತೆಗೆಯುವುದಿಲ್ಲ, ಇದ್ದ ಕಡೆಯೇ ಇರುತ್ತದೆ ಎಂದರು. ಬಲಗಡೆ, ಕೆಳಹೊಟ್ಟೆಯಲ್ಲಿ, ಒತ್ತಿದರೆ ಗಟ್ಟಿಯಾಗಿ ಸಿಗುತ್ತದೆ. ನಿದ್ದೆ ಬರುವವರೆಗೆ ನಾನು ಅದರ ಮೇಲೆ ಕೈಯಿಟ್ಟುಕೊಂಡು ಮಲಗುತ್ತೇನೆ. ಬಾ ಅಮ್ಮ, ನೀನೂ ಒಮ್ಮೆ ಮುಟ್ಟಿ ನೋಡು.